ನವಿಲುತೀರ್ಥದಲ್ಲಿ ಒಂದು ಹಳೇ ಕೇಸು

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರೂ ಧಾರವಾಡಕ್ಕೆ ಬಂದಿದ್ದರು. ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಾಳೆ, ಅದರ ಜೊತೆಗೆ ಜಪಾನಿ ಭಾಷೆಯನ್ನೂ ಕಲಿಯುತ್ತಿದ್ದಾಳೆ. ಮೊಮ್ಮಗ ಏಳನೆಯ ತರಗತಿ. ರಾತ್ರಿ ಊಟವಾದ ಮೇಲೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕುಳಿತು ಬಿದ್ದು ಬಿದ್ದು ನಗುತ್ತಿದ್ದರು. ಏನು ಇಷ್ಟು ನಗು ಎಂದು ನಾನೂ ಕನ್ನಡಕ ಏರಿಸಿಕೊಂಡು ಹೋಗಿ ಕುಳಿತೆ.

ಅದೊಂದು ಜಪಾನಿ ಪತ್ತೇದಾರಿ ಧಾರಾವಾಹಿ. ಹೆಸರು ‘ಜಿಕೋ ಕೇಸಾತ್ಸು’. ಜಿಕೋ ಎಂದರೆ ಕಾಲಮಿತಿ, ಕೇಸಾತ್ಸು ಎಂದರೆ ಪೊಲೀಸು. 2006ರಲ್ಲಿ ಟಿವಿ ಅಸಾಹಿ ಎಂಬ ವಾಹಿನಿಯಲ್ಲಿ ಶುಕ್ರವಾರ ತಡರಾತ್ರಿ ಬರುತ್ತಿತ್ತಂತೆ. ಕಾರುಗಳ ಓಟ ಇಲ್ಲ, ಗುಂಡಿನ ಸದ್ದಿಲ್ಲ, ದೊಡ್ಡ ಸೆಟ್ಟಿಲ್ಲ. ಒಂದು ಪೊಲೀಸ್ ಠಾಣೆಯ ಮೂಲೆಯ ಕೋಣೆ, ನಾಲ್ಕು ಜನ, ಒಂದಿಷ್ಟು ಫೈಲು. ಎಲ್ಲರೂ ಮುಖ ಗಂಟು ಹಾಕಿಕೊಂಡು ತಲೆಬುಡವಿಲ್ಲದ ಮಾತು ಆಡುತ್ತಾರೆ. ಕನಸಿನಲ್ಲಿ ನಡೆದ ಹಾಗೆ ಏನೇನೋ ನಡೆಯುತ್ತದೆ.

ಕಥಾನಾಯಕ ಕಿರಿಯಾಮಾ ಎಂಬ ಪೊಲೀಸಿನವನು. ಒಡಗಿರಿ ಜೋ ಎಂಬ ನಟ ಆ ಪಾತ್ರ ಮಾಡಿದ್ದಾನೆ. ಕಾಲಮಿತಿ ಮುಗಿದ ಕೇಸುಗಳ ಫೈಲು ಕಟ್ಟಿ ಇಡುವುದು ಅವನ ನೌಕರಿ. ಆಗ ಅಲ್ಲಿ ಕೊಲೆಯ ಕೇಸಿಗೂ 15 ವರ್ಷದ ಗಡುವು ಇತ್ತು. ಅಷ್ಟರೊಳಗೆ ಅಪರಾಧಿ ಸಿಗದಿದ್ದರೆ ಆಮೇಲೆ ಸಿಕ್ಕರೂ ಶಿಕ್ಷೆ ಇಲ್ಲ. ಈಗ ಹಾಗಿಲ್ಲ, 2010ರಲ್ಲಿ ಕೊಲೆಗೆ ಆ ಗಡುವನ್ನೇ ತೆಗೆದುಹಾಕಿದ್ದಾರೆ. ನಮ್ಮ ದೇಶದಲ್ಲಂತೂ ಕೊಲೆಗೆ ಕಾಲಮಿತಿಯೇ ಇಲ್ಲ.

ಈ ಕಿರಿಯಾಮಾ ಏನು ಮಾಡುತ್ತಾನೆ ಎಂದರೆ, ಗಡುವು ಮುಗಿದ ಕೇಸನ್ನು ಹವ್ಯಾಸಕ್ಕೆಂದು ಹುಡುಕುತ್ತಾನೆ. ಕೆಲವರು ಅಂಚೆಚೀಟಿ ಕೂಡಿಸುತ್ತಾರಲ್ಲ, ಹಾಗೆ. ರಜೆಯ ದಿನ ಹೋಗಿ ಜನರನ್ನು ಮಾತಾಡಿಸುತ್ತಾನೆ. ಕೊನೆಗೆ ಅಪರಾಧಿಯ ಎದುರು ನಿಂತು, ಕನ್ನಡಕ ತೆಗೆದು, ನಡೆದದ್ದೆಲ್ಲವನ್ನೂ ಬಿಡಿಸಿ ಹೇಳುತ್ತಾನೆ. ಅವರು ಒಪ್ಪಿಕೊಂಡ ಮೇಲೆ ಒಂದು ಚೀಟಿ ಕೊಡುತ್ತಾನೆ. ‘ನಾನು ಯಾರಿಗೂ ಹೇಳುವುದಿಲ್ಲ’ ಎಂದು ಅದರಲ್ಲಿ ಬರೆದಿರುತ್ತದೆ. ಮೇಲೆ ಅವನ ಮೊಹರು ಬೇರೆ!

“ಶಿಕ್ಷೆ ಇಲ್ಲ ಅಂದ್ರ ಹುಡುಕೋದು ಯಾಕ ಅಜ್ಜಾ?” ಎಂದ ಮೊಮ್ಮಗ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನ ಸವೆಸಿದವನು ನಾನು. ಕಾಲಮಿತಿ ಎಂದರೆ ನನಗೆ ಹೊಸದಲ್ಲ. ಸಾಲದ ಪತ್ರಕ್ಕೆ ಮೂರು ವರ್ಷ. ಮೂರು ವರ್ಷ ತುಂಬುವುದರೊಳಗೆ ಸಾಲಗಾರನಿಂದ ‘ಬಾಕಿ ಇರುವುದು ನಿಜ’ ಎಂದು ಸಹಿ ಹಾಕಿಸಿಕೊಳ್ಳದಿದ್ದರೆ ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ. ಮಾರ್ಚ್ ಬಂತೆಂದರೆ ಸೈಕಲ್ ಏರಿ ಹಳ್ಳಿ ಹಳ್ಳಿ ಸುತ್ತಿ ಸಹಿ ತಂದವರು ನಾವು. ಆದರೂ ಮೊಮ್ಮಗನ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. ಮಾತು ತಪ್ಪಿಸಿ, “ನಮ್ಮಲ್ಲೂ ಇಂಥ ಒಂದು ಧಾರಾವಾಹಿ ಇತ್ತು” ಎಂದೆ.

ಅದೇ ‘ಗುಡ್ಡದ ಭೂತ’.

ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಮಕ್ಕಳೇ. ಆ ಹೆಸರು ಕೇಳಿದ ಕೂಡಲೇ ಅವರು ಅದರ ಶೀರ್ಷಿಕೆ ಗೀತೆಯನ್ನು ಗುನುಗದಿದ್ದರೆ ಹೇಳಿ. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬರುತ್ತಿತ್ತು. ನಿರ್ದೇಶಕರು ಸದಾನಂದ ಸುವರ್ಣ. ಮೂಲ್ಕಿಯ ಕಡೆಯವರು, ಮುಂಬಯಿಯ ರಂಗಭೂಮಿಯಲ್ಲಿ ದುಡಿದವರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಚಿತ್ರಕ್ಕೆ ಹಣ ಹಾಕಿದ ನಿರ್ಮಾಪಕರೂ ಅವರೇ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ‘ಕುಬಿ ಮತ್ತು ಇಯಾಲ’ ಚಿತ್ರ ಮಾಡಿದವರೂ ಅವರೇ. 2024ರಲ್ಲಿ ತೀರಿಕೊಂಡರು. ಇಂದು ಎಲ್ಲ ಭಾಷೆಗಳಲ್ಲಿ ಹೆಸರು ಮಾಡಿರುವ ಪ್ರಕಾಶ್ ರೈ ಆಗ ಇನ್ನೂ ತೆಳ್ಳಗಿನ ಯುವಕ, ಅದರಲ್ಲಿ ಮುಖ್ಯ ಪಾತ್ರ ಮಾಡಿದ್ದರು. 2015ರಲ್ಲಿ ‘ರಂಗಿತರಂಗ’ ಸಿನಿಮಾ ಬಂದಾಗ ನಮ್ಮ ವಯಸ್ಸಿನವರೆಲ್ಲ ಮತ್ತೆ ಈ ಧಾರಾವಾಹಿಯನ್ನು ನೆನೆಸಿಕೊಂಡರು.

ಕರಾವಳಿಯ ಒಂದು ಹಳ್ಳಿ, ಪಕ್ಕದಲ್ಲೊಂದು ಗುಡ್ಡ, ಗುಡ್ಡದ ಮೇಲೆ ಭೂತವಿದೆ ಎಂಬ ಹೆದರಿಕೆ. ಇಷ್ಟೇ ಬಂಡವಾಳ. ತುಳುನಾಡಿನಲ್ಲಿ ಭೂತ ಎಂದರೆ ಪೂಜಿಸುವ ದೈವವೂ ಹೌದು. ನಮ್ಮ ಬೆಳಗಾವಿ, ಧಾರವಾಡದ ಕಡೆ ಭೂತ ಎಂದರೆ ಬರೀ ದೆವ್ವ. ಆದ್ದರಿಂದ ನಾವು ಅವರಿಗಿಂತ ಎರಡು ಪಟ್ಟು ಹೆದರಿ ನೋಡಿದೆವು. ಕತ್ತಲು, ಕಂದೀಲು, ಬಾಗಿಲ ಕಿರ್ರೆನ್ನುವ ಸದ್ದು, ಇಷ್ಟರಿಂದಲೇ ಮೈ ನಡುಗಿಸುತ್ತಿದ್ದರು. ಗುಟ್ಟು ಏನೆಂದು ನಾನು ಹೇಳುವುದಿಲ್ಲ, ನೀವೇ ನೋಡಿ.

ನಾವು ಮೂವರೂ ಅದನ್ನು ಹುಡುಕಿ ಎರಡು ರಾತ್ರಿ ಕುಳಿತು ನೋಡಿದೆವು. ಮೊಮ್ಮಗ ಹೊದಿಕೆಯೊಳಗಿಂದ ಒಂದು ಕಣ್ಣು ಮಾತ್ರ ಹೊರಗಿಟ್ಟು ನೋಡಿದ. ಮುಗಿದ ಮೇಲೆ ಕೇಳಿದ: “ಅಜ್ಜಾ, ನೀ ಇದನ್ನ ಮೊದಲು ಎಲ್ಲಿ ನೋಡಿದ್ದಿ?”

“ಮುನವಳ್ಳಿಯೊಳಗ. ನವಿಲುತೀರ್ಥದ ಹತ್ತಿರ.”

“ಅಲ್ಲೂ ಗುಡ್ಡ ಐತೇನು?”

“ಒಂದಲ್ಲ, ಎರಡು.”

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು.

ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರು. ದಾರಿಯುದ್ದಕ್ಕೂ ಎರೆಭೂಮಿ. ಸವದತ್ತಿಯಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು. ನಾವು ಮುನವಳ್ಳಿಯ ದಾರಿ ಹಿಡಿದೆವು. ಸ್ವಲ್ಪ ದೂರ ಹೋಗುತ್ತಲೇ ನೆಲ ತನ್ನ ಸ್ವಭಾವ ಬದಲಿಸುತ್ತದೆ. ಅಲ್ಲಿಯವರೆಗೆ ರೊಟ್ಟಿಯಂತೆ ಚಪ್ಪಟೆ ಇದ್ದ ಭೂಮಿಯಲ್ಲಿ ಒಮ್ಮೆಗೇ ಕೆಂಪು ಕಲ್ಲಿನ ಗುಡ್ಡದ ಸಾಲು ಎದ್ದು ನಿಲ್ಲುತ್ತದೆ. ಯಾರೋ ಕೋಟೆ ಕಟ್ಟಿದ ಹಾಗೆ. ಆ ಕೋಟೆಯ ನಡುವೆ ಒಂದು ಸಂದು. ಆ ಸಂದಿಯೇ ನವಿಲುತೀರ್ಥ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಕಾಡಿನೊಳಗೆ. ಅಲ್ಲಿಂದ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ಈ ಗುಡ್ಡದ ಸಾಲು ಅವಳಿಗೆ ಅಡ್ಡ ಬರುತ್ತದೆ. ಇದು ಬಲು ಗಟ್ಟಿ ಕಲ್ಲು. ಗೋಕಾಕದ ಜಲಪಾತ ಯಾವ ಕಲ್ಲಿನ ಮೇಲಿಂದ ಧುಮುಕುತ್ತದೆಯೋ ಅದೇ ಜಾತಿಯದು. ಆದರೂ ನೀರು ಲಕ್ಷಾಂತರ ವರ್ಷ ಬಿಡದೆ ತಿಕ್ಕಿ ತಿಕ್ಕಿ ದಾರಿ ಮಾಡಿಕೊಂಡಿದೆ.

ಇದಕ್ಕೆ ಹಿರಿಯರು ಹೇಳುವ ಕಥೆ ಬೇರೆ. ಹೊಳೆ ಗುಡ್ಡದ ಬುಡಕ್ಕೆ ಬಂದು ದಾರಿ ಕಾಣದೆ ನಿಂತಿತಂತೆ. ಗುಡ್ಡದ ತುದಿಯಲ್ಲಿ ಕುಳಿತಿದ್ದ ಒಂದು ನವಿಲು ಅದನ್ನು ನೋಡಿ ಅಣಕಿಸಿ ಕೂಗಿತಂತೆ. ಹೊಳೆಗೆ ಸಿಟ್ಟು ಬಂತು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಗುಡ್ಡವನ್ನು ಸೀಳಿ ಹರಿಯಿತು. ನಕ್ಕ ನವಿಲು ಅಲ್ಲೇ ಕಲ್ಲಾಯಿತು.

“ಪಾಪ ನವಿಲು, ನಕ್ಕಿದ್ದಕ್ಕ ಅಷ್ಟು ಶಿಕ್ಷಾನ?” ಎಂದಳು ಮೊಮ್ಮಗಳು. ನಾನು ಸುಮ್ಮನಿದ್ದೆ.

ನದಿ ಕೊರೆದಿಟ್ಟ ಈ ಬಾಗಿಲಿಗೆ ಮನುಷ್ಯರು ಕದ ಹಾಕಿದರು. ಅದೇ ಅಣೆಕಟ್ಟು. ಎಪ್ಪತ್ತರ ದಶಕದ ಆರಂಭದಲ್ಲಿ ಮುಗಿದದ್ದು. ಹಿಂದೆ ನಿಂತ ನೀರಿಗೆ ಎಲ್ಲಮ್ಮನ ಹೆಸರಿನಲ್ಲಿ ರೇಣುಕಾ ಸಾಗರ ಎಂದು ಹೆಸರು. ಅಣೆಕಟ್ಟಿನ ಉದ್ದ ಸುಮಾರು 155 ಮೀಟರು, ಎತ್ತರ ಸುಮಾರು 40 ಮೀಟರು ಮಾತ್ರ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ಸುಮಾರು 2.4 ಕಿಲೋಮೀಟರು ಉದ್ದ ಎಂದು ನೆನೆದರೆ ಇದು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಆದರೆ ಈ ಪುಟ್ಟ ಕದದ ಹಿಂದೆ ನಿಲ್ಲುವ ನೀರು 37 ಟಿಎಂಸಿಗೂ ಹೆಚ್ಚು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹುಬ್ಬಳ್ಳಿ ಧಾರವಾಡದ ನಲ್ಲಿಯಲ್ಲಿ ಬರುವುದೂ ಈ ಜಲಾಶಯದ ನೀರೇ. ನರಗುಂದ, ನವಲಗುಂದದ ಹೊಲಗಳಿಗೆ ಹೋಗುವುದೂ ಇದೇ.

“ಅಂದ್ರ ನಿನ್ನೆ ನಾ ಕುಡದಿದ್ದು ಈ ನೀರ!” ಎಂದು ಮೊಮ್ಮಗ ಬಾಗಿ ಬಾಗಿ ನೋಡಿದ. ಮಳೆಗಾಲ ಆಗಷ್ಟೇ ಮುಗಿದಿತ್ತು. ನೀರು ದೂರದ ಹೊಲದ ಅಂಚಿನವರೆಗೂ ಹರಡಿ, ಗಾಳಿಗೆ ಸಣ್ಣ ಸಣ್ಣ ತೆರೆ ಏಳುತ್ತಿತ್ತು. ಇಲ್ಲಿ ಗಾಳಿ ಸದಾ ಇರುತ್ತದೆ. ಸಂದಿಯೊಳಗಿಂದ ನುಗ್ಗುವಾಗ ಶಿಳ್ಳೆ ಹೊಡೆದಂತೆ ಸದ್ದು ಮಾಡುತ್ತದೆ.

ಆ ಗಾಳಿ ಕಿವಿಗೆ ಬಿದ್ದಾಗಲೇ ನನಗೆ ಹಳೆಯದೆಲ್ಲ ನೆನಪಾಯಿತು. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ಶೇಂಗಾ ಚಟ್ನಿ ತಿನ್ನುತ್ತ, ಯಾರಿಗೂ ಹೇಳಿರದ ಒಂದು ಸಂಗತಿಯನ್ನು ಮೊಮ್ಮಕ್ಕಳಿಗೆ ಹೇಳಿದೆ.

ಆಗ ನನಗೆ ನಲವತ್ತರ ಆಸುಪಾಸು. ಮುನವಳ್ಳಿಯಲ್ಲಿ ಒಂದು ಮಣ್ಣಿನ ಮಾಳಿಗೆಯ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಓಣಿಯಲ್ಲಿ ಟಿವಿ ಇದ್ದದ್ದು ನಮ್ಮ ಮಾಲೀಕರ ಮನೆಯಲ್ಲಿ ಮಾತ್ರ, ಕಪ್ಪುಬಿಳುಪಿನದು. ‘ಗುಡ್ಡದ ಭೂತ’ ಬರುವ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಟಿವಿಗೆ ಈಗಿನಂತೆ ಡಿಶ್ ಇರಲಿಲ್ಲ. ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾ. ನವಿಲುತೀರ್ಥದ ಕಡೆಯ ಗಾಳಿ ಬೀಸಿತೋ, ಗಳ ತಿರುಗಿ ಟಿವಿಯಲ್ಲಿ ಬರೀ ಹುಳು. ಆಗ ಯಾರಾದರೂ ಮೇಲೆ ಹತ್ತಿ ಅದನ್ನು ಹಿಡಿದು ನಿಲ್ಲಬೇಕು. ಮೇಲಿನಿಂದ “ಬಂತೇನು?” ಎಂಬ ಕೂಗು, ಕೆಳಗಿನಿಂದ “ಇನ್ನಟ ಎಡಕ್ಕ! ಹಾಂ ಬಂತು, ಬಂತು! ಹೋತು, ಹೋತು!” ಎಂಬ ಕೂಗು. ಈ ಕೆಲಸ ಮಾಲೀಕರ ಹತ್ತು ವರ್ಷದ ಮಗನದು.

ಓಣಿಯ ತುದಿಯ ಚಹದಂಗಡಿಯಲ್ಲಿ ಒಬ್ಬ ಹುಡುಗನಿದ್ದ. ಹನ್ನೆರಡೋ ಹದಿಮೂರೋ ವಯಸ್ಸು, ಶಾಲೆಯಲ್ಲಿರಬೇಕಾದವನು. ಬೇರೆ ಊರಿನಿಂದ ಬಂದವನು, ಹಿಂದೆ ಮುಂದೆ ಯಾರೂ ಇಲ್ಲ. ನಮ್ಮ ಬ್ಯಾಂಕಿಗೆ ಚಹ ತರುತ್ತಿದ್ದವನೂ ಅವನೇ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನೂ ಬಾಗಿಲ ಹತ್ತಿರ ನಿಂತು ಟಿವಿ ನೋಡುತ್ತಿದ್ದ.

ಒಂದು ವಾರ, ಧಾರಾವಾಹಿ ಮುಗಿದು ಎಲ್ಲರೂ ಏಳುವಷ್ಟರಲ್ಲಿ ಹಿತ್ತಲಿನಿಂದ ಮಾಲೀಕರ ಹೆಂಡತಿ ಕೂಗಿದರು. ಬಾವಿಯ ಕಟ್ಟೆಯ ಮೇಲಿಟ್ಟಿದ್ದ ತಾಮ್ರದ ಕೊಡ ಇಲ್ಲ! ತವರಿನಿಂದ ಬಂದ ಕೊಡ ಅದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಳಗಿದ್ದವರು ಯಾರೂ ಎದ್ದು ಹೋಗಿಲ್ಲ. ಅಂದು ಕಥೆ ಅಷ್ಟು ಕುತೂಹಲದ ಘಟ್ಟಕ್ಕೆ ಬಂದಿತ್ತು. ಒಂದು ಹೆದರಿಕೆಯ ದೃಶ್ಯದಲ್ಲಿ ಮಾಲೀಕರ ಮಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಉಗುರಿನ ಗುರುತು ಮೂಡಿತ್ತು.

“ಚಹದಂಗಡಿ ಹುಡುಗ ಎಲ್ಲಿದ್ದ?” ಎಂದರು ಯಾರೋ. ಹೌದು, ಅಂದು ಬಾಗಿಲ ಹತ್ತಿರ ಅವನು ಇರಲಿಲ್ಲ. ಅಷ್ಟರಲ್ಲಿ ಅವನೇ ಹಿತ್ತಲಿನ ಕಡೆಯಿಂದ ಬಂದ. ಮೈಯೆಲ್ಲ ಧೂಳು.

“ಎಲ್ಲಿದ್ದೆಲೇ?” ಎಂದು ಮಾಲೀಕರು ಗದರಿಸಿದರು.

“ನಾ ಮ್ಯಾಲ ಇದ್ನಿರೀ” ಎಂದ.

ನಮ್ಮ ಕಡೆ ಮ್ಯಾಲ ಎಂದರೆ ಗುಡ್ಡವೂ ಆಗಬಹುದು, ಮೇಲಿನ ಓಣಿಯೂ ಆಗಬಹುದು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. “ಮ್ಯಾಲ ಅಂದ್ರ? ಗುಡ್ಡದ ಭೂತದ ಜೋಡಿ ಇದ್ದಿ ಏನು?”

ಪಡಸಾಲೆ ತುಂಬ ನಗು. ನನಗೆ ಹೆಮ್ಮೆ, ಎಂಥ ಮಾತು ಹೊಳೆಯಿತು ನೋಡು ಎಂದು. ಹುಡುಗ ಇನ್ನೇನೋ ಹೇಳಲು ಬಾಯಿ ತೆರೆದಿದ್ದ. ನಗು ಕೇಳಿ ಮುಚ್ಚಿಕೊಂಡ. ಆಮೇಲೆ ಎಷ್ಟು ಕೇಳಿದರೂ ಒಂದು ಅಕ್ಷರ ಆಡಲಿಲ್ಲ. ಸುಮ್ಮನಿದ್ದವನೇ ಕಳ್ಳ ಎಂದು ತೀರ್ಮಾನವಾಯಿತು. ಮರುದಿನ ಚಹದಂಗಡಿಯವರು ಅವನನ್ನು ಬಿಡಿಸಿದರು. ಕೈಯಲ್ಲಿ ಒಂದು ಚೀಲ ಹಿಡಿದು ಬಸ್ಸಿನ ಕಡೆ ಹೋಗುವುದನ್ನು ನಾನು ಬ್ಯಾಂಕಿನ ಕಿಟಕಿಯಿಂದ ನೋಡಿದೆ.

ಮುಂದಿನ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದರು. ಕೆಸರಿನೊಳಗೆ ಕೊಡ ಸಿಕ್ಕಿತು. ಕೊರಳಿಗೆ ಹಗ್ಗದ ತುಂಡು ಇನ್ನೂ ಸುತ್ತಿಕೊಂಡಿತ್ತು. ಹಗ್ಗದ ತುದಿ ಗಾಳಿಗೆ ಎಳೆದುಕೊಂಡಿತೋ, ಬೆಕ್ಕು ಹಾದು ಹೋಯಿತೋ, ಕಟ್ಟೆಯಿಂದ ಜಾರಿ ಬಿದ್ದಿತ್ತು. ಕದ್ದವರು ಯಾರೂ ಇರಲಿಲ್ಲ. ಮಾಲೀಕರ ಹೆಂಡತಿ ಹುಣಸೆಹಣ್ಣು ಹಚ್ಚಿ ಕೊಡವನ್ನು ಬೆಳಗಿದರು. ಹುಡುಗನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೆಲವೇ ತಿಂಗಳಿಗೆ ನನಗೆ ವರ್ಗವಾಯಿತು.

ಇಷ್ಟು ಹೇಳಿ ಸುಮ್ಮನಾದೆ. ಮೊಮ್ಮಗ ರೊಟ್ಟಿ ತಿನ್ನುವುದನ್ನು ಬಿಟ್ಟು ಯೋಚಿಸುತ್ತಿದ್ದ.

“ಅಜ್ಜಾ, ಅವತ್ತು ಗಾಳಿ ಇತ್ತೇನು?”

“ಇತ್ತು. ಬಾಗಲಾ ಬಡದಾಡ್ತಿದ್ದವು. ಭೂತದ ಕಥಿಗೆ ಸರಿಯಾಗೇ ಇತ್ತು.”

“ಟಿವಿ ಒಳಗ ಚಿತ್ರ ಹೆಂಗ ಬಂದಿತ್ತು?”

“ಭಾಳ ಛಲೋ ಬಂದಿತ್ತು. ಒಂದು ಹುಳಾ ಸುದ್ದಾ ಇರಲಿಲ್ಲ. ಆ ದೃಶ್ಯ ಇನ್ನೂ ಕಣ್ಣ ಮುಂದ ಐತಿ.”

“ಮಾಲೀಕರ ಮಗ ನಿನ್ನ ತೋಳು ಹಿಡಕೊಂಡು ಒಳಗ ಕುಂತಿದ್ದ ಅಂದಿ.”

“ಹೌದು.”

ಮೊಮ್ಮಗ ನನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದು ತಾನು ಹಾಕಿಕೊಂಡ. ಆಮೇಲೆ ಆ ಜಪಾನಿ ಪೊಲೀಸಿನವನ ಹಾಗೆ ಅದನ್ನು ನಿಧಾನವಾಗಿ ತೆಗೆದ.

“ಹಂಗಾರ ಆಂಟೆನಾ ಹಿಡದವರು ಯಾರು?”

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಾ ಮ್ಯಾಲ ಇದ್ನಿರೀ. ಗುಡ್ಡದ ಮೇಲಲ್ಲ, ಮೇಲಿನ ಓಣಿಯಲ್ಲಲ್ಲ. ನಮ್ಮ ತಲೆಯ ಮೇಲೆ, ಮಾಳಿಗೆಯ ಮೇಲೆ. ಗಾಳಿಯಲ್ಲಿ, ಕತ್ತಲಲ್ಲಿ, ನಾವು ಹುಳು ಇಲ್ಲದ ಚಿತ್ರ ನೋಡಲೆಂದು ಗಳ ಹಿಡಿದು ನಿಂತಿದ್ದ. ಹಿತ್ತಲಿನ ಏಣಿಯಿಂದ ಇಳಿದು ಬಂದಿದ್ದರಿಂದ ಮೈಯೆಲ್ಲ ಧೂಳು. ಸಾಕ್ಷಿ ಅಂದು ಟಿವಿಯ ಪರದೆಯ ಮೇಲೇ ಇತ್ತು. ಇಪ್ಪತ್ತು ಜನ ಕಣ್ಣು ಬಿಟ್ಟು ನೋಡುತ್ತ ಕುಳಿತಿದ್ದೆವು, ಒಬ್ಬರಿಗೂ ಕಾಣಲಿಲ್ಲ.

“ಅಜ್ಜಾ, ಆ ಮೀನಿನ ಮುಳ್ಳಿನಂಥಾ ಆಂಟೆನಾ ಕಂಡುಹಿಡದವರೂ ಜಪಾನಿನವರs” ಎಂದಳು ಮೊಮ್ಮಗಳು, ನನ್ನ ಮುಖ ನೋಡಿ ಮಾತು ಬದಲಿಸಲೆಂದು. ಅದು ನಿಜ. ಯಾಗಿ ಮತ್ತು ಉದಾ ಎಂಬ ಇಬ್ಬರು ಜಪಾನಿ ವಿಜ್ಞಾನಿಗಳು 1926ರಲ್ಲಿ ಅದನ್ನು ರೂಪಿಸಿದರು. ಅದಕ್ಕೇ ಯಾಗಿ ಆಂಟೆನಾ ಎಂದು ಹೆಸರು. ಸಾಲಾಗಿ ನಿಂತ ಆ ಕಡ್ಡಿಗಳು ಒಂದೇ ದಿಕ್ಕಿನಿಂದ ಬರುವ ಅಲೆಗಳನ್ನು ಚೆನ್ನಾಗಿ ಹಿಡಿಯುತ್ತವೆ. ಪ್ರಸಾರ ಕೇಂದ್ರದ ಕಡೆ ನೆಟ್ಟಗೆ ಮುಖ ಮಾಡಿದರೆ ಚಿತ್ರ ಸ್ಪಷ್ಟ, ಗಾಳಿಗೆ ಅತ್ತಿತ್ತ ತಿರುಗಿದರೆ ಬರೀ ಹುಳು. ಹೀಗಾಗಿ ಅಂಥ ಗಾಳಿಯಲ್ಲಿ ಅದು ತಾನಾಗಿ ನೆಟ್ಟಗೆ ನಿಲ್ಲಲು ಸಾಧ್ಯವೇ ಇಲ್ಲ.

“ನಡೀರಿ, ಮುನವಳ್ಳಿಗೆ ಹೋಗೂಣು” ಎಂದೆ.

ಮುನವಳ್ಳಿ ಹಳೆಯ ಊರು. ಹೊಳೆಯ ದಂಡೆಯಲ್ಲಿ ಕೋಟೆ, ಊರೊಳಗೆ ಯಾದವರ ಕಾಲದ ಪಂಚಲಿಂಗೇಶ್ವರ ಗುಡಿ. ಗುಡಿಗೆ ಹೋಗಿ ಕೈಮುಗಿದು, ಹಳೆಯ ಓಣಿ ಹುಡುಕಿದೆವು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರೊಳಗೇ ಬಂದಿದ್ದಳು. ಹಳೆಯ ಮಣ್ಣಿನ ಮನೆಗಳು ಈಗ ಕಡಿಮೆ. ನಮ್ಮ ಮಾಲೀಕರ ಮನೆ ಇದ್ದ ಜಾಗದಲ್ಲಿ ಕಾಂಕ್ರೀಟಿನ ಮನೆ. ಮೇಲೆ ಆಂಟೆನಾದ ಜಾಗದಲ್ಲಿ ನೀರಿನ ಕರಿ ಟಾಕಿ.

ಚಹದಂಗಡಿ ಮಾತ್ರ ಇತ್ತು, ಹಳೆಯವರ ಮಗ ನಡೆಸುತ್ತಿದ್ದ. ಚಹ ಕುಡಿಯುತ್ತ ನಾನು ಆ ಹುಡುಗನ ಸುದ್ದಿ ತೆಗೆದೆ. ಅವನು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ.

“ಒಮ್ಮೆ ಬಂದಿದ್ದರೀ. ಭಾಳ ವರ್ಷ ಆತು. ಕಬ್ಬಿನ ಲಾರಿ ನಡಸ್ತಿದ್ದ. ಚಾ ಕುಡದ, ನಮ್ಮಪ್ಪ ರೊಕ್ಕ ಬ್ಯಾಡ ಅಂದ್ರೂ ಕೊಟ್ಟ. ಹೋಗಬೇಕಾದ್ರ ಒಂದು ಮಾತು ಕೇಳಿದ ನೋಡ್ರಿ. ‘ಟಿವಿ ಮನ್ಯಾಗ ಆಂಟೆನಾ ಈಗ ಯಾರು ಹಿಡಿತಾರು?’ ಅಂದ. ಎಲ್ಲಾರ ಮನಿಗೂ ಕೇಬಲ್ ಬಂದೇತಿ, ಈಗ ಯಾರೂ ಹಿಡಿಯೂದಿಲ್ಲ ಅಂತ ನಮ್ಮಪ್ಪ ಅಂದ. ನಕ್ಕೋತ ಹೋದ.”

ಯಾವ ಊರು, ಎಲ್ಲಿದ್ದಾನೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮಾಲೀಕರು ತೀರಿಕೊಂಡಿದ್ದಾರೆ. ಅವರ ಮಗ ಊರಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ತಲೆಗೂದಲು ಅರ್ಧ ಬೆಳ್ಳಗಾಗಿದೆ. ನನ್ನನ್ನು ಗುರುತು ಹಿಡಿದು ಕುರ್ಚಿ ಹಾಕಿ ಕೂಡಿಸಿದ. ಮೊಮ್ಮಕ್ಕಳಿಗೆ ತಂಪು ಪಾನೀಯ ತರಿಸಿದ. ಹೇಗೆ ಶುರು ಮಾಡುವುದೆಂದು ನನಗೆ ತಿಳಿಯಲಿಲ್ಲ. ಮೊಮ್ಮಗನೇ ಕೇಳಿಬಿಟ್ಟ. “ಕಾಕಾ, ಕೊಡಾ ಕಳದ ದಿವಸ ಆಂಟೆನಾ ಯಾರು ಹಿಡದಿದ್ದರು?”

ಅವನ ಮುಖ ಸಣ್ಣದಾಯಿತು. ಬಹಳ ಹೊತ್ತು ತಕ್ಕಡಿಯ ಮೇಲೆ ಕೈ ಆಡಿಸುತ್ತ ಕುಳಿತ.

“ಅವನ ಹಿಡದಿದ್ದರೀ” ಎಂದ ಕೊನೆಗೆ. “ನನಗ ಅವತ್ತು ಕಥಿ ನೋಡಬೇಕಾಗಿತ್ತು. ನಾಕು ಪೆಪ್ಪರಮೆಂಟ್ ಕೊಡ್ತೀನಿ, ನೀ ಹಿಡಿ ಅಂದಿದ್ನಿ. ಗದ್ದಲ ಆದ ಮ್ಯಾಲ ಹೇಳಬೇಕಂದ್ನಿ. ಆಂಟೆನಾ ಬಿಟ್ಟು ಒಳಗ ಕುಂತಿದ್ದು ಗೊತ್ತಾದ್ರ ಅಪ್ಪ ಚರ್ಮಾ ಸುಲೀತಿದ್ದ. ಹೇಳಲಿಲ್ಲ. ಅವನೂ ನನ್ನ ಹೆಸರು ಹೇಳಲಿಲ್ಲರೀ. ನನ್ನ ಕಡೆ ಒಮ್ಮೆ ನೋಡಿದ, ಅಷ್ಟ. ಆ ಪೆಪ್ಪರಮೆಂಟೂ ಕೊಡಲಿಲ್ಲ.”

ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಅವನಿಗಾಗ ಹತ್ತು ವರ್ಷ, ಅಪ್ಪನ ಹೆದರಿಕೆ. ನನಗೆ ನಲವತ್ತು, ಬಿ.ಕಾಂ. ಓದಿದವನು, ಓಣಿಯಲ್ಲಿ ನನ್ನ ಮಾತಿಗೆ ಬೆಲೆ ಇತ್ತು. “ಮ್ಯಾಲ ಅಂದ್ರ ಎಲ್ಲಿ?” ಎಂದು ನೆಟ್ಟಗೆ ಕೇಳಿದ್ದರೆ ಅವನು ಹೇಳುತ್ತಿದ್ದ. ನಾನು ಕೇಳಲಿಲ್ಲ, ನಗಿಸಿದೆ.

ಮೊಮ್ಮಗ ಕಿಸೆಯಿಂದ ಒಂದು ಚೀಟಿ ತೆಗೆದ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಧಾರವಾಡದಲ್ಲೇ ಮಾಡಿಕೊಂಡಿದ್ದನಂತೆ, ಆಟಕ್ಕೆ. ‘ನಾನು ಯಾರಿಗೂ ಹೇಳುವುದಿಲ್ಲ’ ಎಂದು ಬರೆದಿತ್ತು. ಅಕ್ಕನ ಕೈಯಿಂದ ಜಪಾನಿಯಲ್ಲೂ ಬರೆಸಿದ್ದ. ಅದನ್ನು ಗೊಬ್ಬರದ ಅಂಗಡಿಯವನಿಗೆ ಕೊಟ್ಟ.

ಅವನು ಓದಿದ. ವಾಪಸು ಮೊಮ್ಮಗನ ಕೈಯಲ್ಲೇ ಇಟ್ಟ.

“ಬ್ಯಾಡಪ್ಪಾ. ಯಾರಿಗೂ ಹೇಳಲಾರದ್ದಕ್ಕ ಇಷ್ಟೆಲ್ಲಾ ಆಗೇತಿ. ನಿಮ್ಮಜ್ಜ ಬರೀತಾರಲ್ಲ, ಬರೀಲಿ. ಹೆಸರು ಅಟ ಬ್ಯಾಡ.”

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂಜೆ ಬಸ್ಸಿಗೆ ಕಾಯುವಾಗ ಮೊಮ್ಮಗ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ. “ಅಜ್ಜಾ, ನಮ್ಮ ಕೇಸಿನ ಕಾಲಮಿತಿ ಮುಗದ ಹೋಗೇತಿ ಅಲ್ಲೇನು? ಮೂವತ್ತು ವರ್ಷದ ಮ್ಯಾಲ ಆತು.”

ಈ ಸಲ ಉತ್ತರ ಇತ್ತು. ನಾನು ಓದಿದ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ. 1872ರ ಭಾರತೀಯ ಕರಾರು ಕಾಯ್ದೆ, 25ನೆಯ ಕಲಮು. ಸಾಲದ ಕಾಲಮಿತಿ ಮುಗಿದು ಹೋಗಿದ್ದರೂ, ಸಾಲಗಾರನೇ ತಾನಾಗಿ ‘ತೀರಿಸುತ್ತೇನೆ’ ಎಂದು ಬರೆದು ಸಹಿ ಮಾಡಿದರೆ ಆ ಮಾತು ಸಿಂಧು. ಬಾಯಿಮಾತು ನಡೆಯುವುದಿಲ್ಲ, ಬರೆದೇ ಕೊಡಬೇಕು. ಸರ್ವಿಸಿನಲ್ಲಿ ಇದ್ದಷ್ಟು ವರ್ಷ ಹಾಗೆ ತಾನಾಗಿ ಬಂದು ಬರೆದುಕೊಟ್ಟವರನ್ನು ನಾನು ಕಂಡದ್ದು ಕಡಿಮೆ.

ಮೊಮ್ಮಗ ಚೀಟಿಯನ್ನು ತಿರುವಿ ಹಾಕಿ, ಹಿಂದಿನ ಖಾಲಿ ಬದಿಯನ್ನು ನನ್ನ ಮುಂದೆ ಹಿಡಿದು ಪೆನ್ನು ಕೊಟ್ಟ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಬರೆದೆ. ಅದರಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಆ ಹುಡುಗನಿಗೆ ಈಗ ಐವತ್ತರ ಹತ್ತಿರ ಇರಬಹುದು. ಅವನ ಮನೆಯಲ್ಲೂ ಮಕ್ಕಳಿದ್ದು, ಈ ಪತ್ರಿಕೆ ಬರುತ್ತಿರಬಹುದು.

‘ಮುನವಳ್ಳಿಯ ಚಹದಂಗಡಿಯಲ್ಲಿದ್ದ ತಮ್ಮನಿಗೆ. ಆ ದಿನ ನೀನು ಮಾಳಿಗೆಯ ಮೇಲೆ ನಮ್ಮ ಸಲುವಾಗಿ ಆಂಟೆನಾ ಹಿಡಿದು ನಿಂತಿದ್ದೆ. ನೀನು ಹೇಳಿದ್ದು ನಿಜ. ನಾನು ನಿನ್ನನ್ನು ನೋಡಿ ನಕ್ಕು, ಎಲ್ಲರೂ ನಗುವ ಹಾಗೆ ಮಾಡಿದೆ. ಅದು ನನ್ನ ತಪ್ಪು. ನೀನು ಎಲ್ಲಿದ್ದರೂ ಬಂದು ನಿನ್ನ ಮುಂದೆ, ಜನರ ಎದುರಿಗೆ, ಇದನ್ನೇ ಹೇಳುತ್ತೇನೆ.’

ಕೆಳಗೆ ತಾರೀಖು ಹಾಕಿ, ಬ್ಯಾಂಕಿನಲ್ಲಿ ಮಾಡುತ್ತಿದ್ದಂತೆ ಪೂರ್ತಿ ಸಹಿ ಮಾಡಿದೆ. ಮೊಮ್ಮಗಳು ಸಾಕ್ಷಿ ಎಂದು ರುಜು ಹಾಕಿದಳು. ಮೊಮ್ಮಗ ಓದಿ ನೋಡಿ, ಪೆನ್ನು ಇಸಿದುಕೊಂಡು ಕೆಳಗೆ ಒಂದು ಸಾಲು ಸೇರಿಸಿದ: ‘ಮತ್ತು ನಾಲ್ಕು ಪೆಪ್ಪರಮೆಂಟು.’

ಧಾರವಾಡದ ಬಸ್ಸು ಬಂತು. ನವಿಲುತೀರ್ಥದ ಹತ್ತಿರ ಬಂದಾಗ ಮೊಮ್ಮಗ ಕಿಟಕಿಗೆ ಮುಖ ಒತ್ತಿ ಗುಡ್ಡದ ತುದಿಯಲ್ಲಿ ಕಲ್ಲಿನ ನವಿಲನ್ನು ಹುಡುಕುತ್ತಿದ್ದ. ನಾನೂ ಹುಡುಕಿದೆ. ಕತ್ತಲಾಗಿತ್ತು, ಕಾಣಲಿಲ್ಲ.